ಹೊತ್ತು ಮುಳುಗುವ ಮೊದಲು

ಹಳೇಬೀಡು
೭-೯-೧೯೭೯

ಚಿ. ಕಾಂಚನಮಾಲಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾದದ್ದು ಸೋಮಾರಿತನದಿಂದಲ್ಲ. ರೂಢಿಯಂತೆ ನಿನ್ನ ಹೆಸರಿನ ಹಿಂದೆ ‘ಸೌ’ ಎಂದು ಬರೆದು, ಹೊಡೆದುಹಾಕಿ, ಮೂರು ಇನ್‌ಲ್ಯಾಂಡ್ ಕೆಡಿಸಿದೆ. ಮಗು ನಿನ್ನ ತವರಿಗೆ ಹೊಂದಿಕೊಂಡಿತೇ? ನನ್ನ ಮಂಡಿನೋವು ಹಾಗೇ ಇದೆ.

ದಶಲಕ್ಷಣ ಪರ್ವ ಮುಗಿಯಿತು. ಈ ದಿನ ಬಸದಿಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳಿದರು. ನಾನೂ ಊರಿಗೆಲ್ಲ ಕೈಮುಗಿದು ಬಂದೆ. ಕೇಳಬೇಕಾದವಳು ನೀನೊಬ್ಬಳು ಉಳಿದೆ.

ವಿಮಾನ ಬಿದ್ದದ್ದರ ವಿಚಾರಣೆ ಮಾಡಿದ ಸರ್ಕಾರದ ಗಂಗಾಧರಯ್ಯನವರು ಮೊನ್ನೆ ಬಂದಿದ್ದರು. ಎಂಜಿನ್ ಸರಿಯಾಗಿತ್ತಂತೆ, ಪೆಟ್ರೋಲೂ ಇತ್ತಂತೆ. ತಿಪಟೂರು ದಾಟಿದಾಗ ಮುಂದೆಲ್ಲ ಮೋಡ. ಮೈಸೂರಿನಲ್ಲಿ ಆಕಾಶ ತಿಳಿಯಾಗಿದೆ, ಅಲ್ಲಿಗೆ ತಿರುಗಿಸು ಎಂದು ರೇಡಿಯೋದಲ್ಲಿ ಎರಡು ಸಲ ಹೇಳಿದರಂತೆ. ನಮ್ಮ ಪದ್ಮಕುಮಾರ, “ಇನ್ನು ಹತ್ತೇ ನಿಮಿಷ, ಮನೇಲಿ ಕಾಯ್ತಿದಾರೆ” ಎಂದನಂತೆ. ಸ್ನೇಹಿತನ ಹಾರನಹಳ್ಳಿ ಬಯಲಿನಲ್ಲಿ ಇಳಿಯಬೇಕಾದವನು ಮೋಡದೊಳಗೆ ಗುಡ್ಡ ಕಾಣದೆ ಬಡಿದ. ಶೋಕಿಗೆ ಹಾರಾಟ ಕಲಿತವರಿಗೆ ಮನೆ ಹತ್ತಿರವಾದಷ್ಟೂ ತಿರುಗಿ ಹೋಗಲು ಮನಸ್ಸು ಒಪ್ಪುವುದಿಲ್ಲವಂತೆ. ವರದಿಯಲ್ಲಿ ‘ಹ್ಯೂಮನ್ ಫ್ಯಾಕ್ಟರ್’ ಎಂದು ಬರೆಯುತ್ತಾರಂತೆ. ಇಂಟರ್‌ಮೀಡಿಯೆಟ್‌ನಲ್ಲಿ ನಾನು ಓದಿದ ಫ್ಯಾಕ್ಟರ್ ಆಲ್ಜೀಬ್ರಾದ್ದು, ಶೇಷ ಉಳಿಯದಂತೆ ಭಾಗಿಸುವುದು. ಉಳಿದ ಇಂಗ್ಲಿಷೆಲ್ಲ ಮರೆತಿದೆ.

“ಅವತ್ತು ಮನೇಲಿ ಅವಸರ ಏನಾದ್ರೂ ಇತ್ತಾ, ಯಜಮಾನ್ರೇ?” ಎಂದು ಕೇಳಿದರು. ಇರಲಿಲ್ಲ ಎಂದೆ.

ಇತ್ತು. ನಿನ್ನ ಅತ್ತೆ ಧರ್ಮಾವತಿ ಮಗ ಬರುವವರೆಗೆ ಎಲೆಯ ಮುಂದೆ ಕೂರುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲವಲ್ಲ. ಅವನು ತಡಮಾಡಿದ ದಿನ ಅವಳಿಗೆ ಉಪವಾಸ. ಅವಳು ಹೋದ ಮೇಲೆ ಆ ಪಟ್ಟನ್ನು ನಾನು ಹಿಡಿದೆ. ಆ ಮಧ್ಯಾಹ್ನ ಅವನು ಬೆಂಗಳೂರಿನಿಂದ ಟ್ರಂಕ್ ಕಾಲ್ ಮಾಡಿ, “ಅಪ್ಪಾಜಿ, ಮೋಡ ಜಾಸ್ತಿ ಇದೆ, ನಾಳೆ ಬರ್ಲಾ?” ಎಂದ. ನಾನು ನಕ್ಕೆ. “ಕೆಂಪು ಬಸ್ಸಿನೋನೇ ಬರ್ತಾನೆ, ನಿನ್ನ ವಿಮಾನಕ್ಕೆ ಮೋಡ ಅಡ್ಡವೇನೋ? ನೀನು ಬರದೆ ನಾನು ಊಟಕ್ಕೆ ಕೂರಲ್ಲ ಕಣೋ” ಎಂದೆ. ಅವನು, “ಆಯ್ತು, ಹೊತ್ತು ಮುಳುಗೋದ್ರೊಳಗೆ ಬರ್ತೀನಿ” ಎಂದ.

ನೀನು ಬೈದು ಬರೆದರೂ ಸರಿ, ಬರೆಯದಿದ್ದರೂ ಸರಿ. ಮಗುವಿಗೆ ಹಸಿವಾದಾಗ ಉಣಿಸು, ಯಾರಿಗೋಸ್ಕರವೂ ಕಾಯಿಸಬೇಡ. ಪಾರ್ಶ್ವನಾಥ ಸ್ವಾಮಿ ನಿಮ್ಮಿಬ್ಬರನ್ನೂ ನೆರಳಲ್ಲಿಟ್ಟುಕೊಳ್ಳಲಿ.

ಇಂತು,
ಚಂದ್ರನಾಥ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಅವತ್ತು ನಾಲ್ಕೂವರೆಗೇ ಮೋಡ ಕವಿದು ಮನೆಯೊಳಗೆ ಕತ್ತಲಾಯಿತು. ಹಸಿವು ತಡೆಯಲಿಲ್ಲ. ಅಡುಗೆಯ ಅನುಸೂಯಮ್ಮನಿಗೆ ಬಡಿಸು ಎಂದೆ. “ಮಗ ಬರ್ಲಿ ಅಂದಿದ್ರಲ್ಲ?” ಎಂದಳು. ಅವನಿಗೆ ಹೇಳಬೇಡ ಎಂದೆ. ಅವನು ರೇಡಿಯೋದಲ್ಲಿ ಮನೇಲಿ ಕಾಯ್ತಿದಾರೆ ಎಂದದ್ದು ಐದೂ ಹತ್ತಕ್ಕಂತೆ. ಅಷ್ಟು ಹೊತ್ತಿಗೆ ನಾನು ಉಂಡು ಕೈ ತೊಳೆದಿದ್ದೆ.