ಎರಡು ಸೀಸೆ

ಜೂನ್ 24
ಬಸ್ಸು ಎಂದಿನಂತೆ ಕೊನೇ ಸ್ಟಾಪಿನಲ್ಲಿ ಇಳಿಸಿತು. ಅಲ್ಲಿಂದ ಶಾಲೆಗೆ ಒಂದು ಗಂಟೆ ನಡಿಗೆ. ಕೆಲಸಕ್ಕೆ ಸೇರಿ ಮೂರು ವಾರ, ಕಾಲು ಇನ್ನೂ ಒಗ್ಗಿಲ್ಲ. ಟ್ರೈನಿಂಗಿನಲ್ಲಿ ಹೇಳಿದ್ದರು — ಇಂಗ್ಲಿಷ್ ಕ್ಲಾಸಿನಲ್ಲಿ ಬೇರೆ ಭಾಷೆ ಬೇಡ. ಹಾಗೇ ಮಾಡಿದೆ. ಐದನೇ ಕ್ಲಾಸು ಪಿಳಿಪಿಳಿ ನೋಡುತ್ತ ಕೂತಿತ್ತು. ಪಾಠ: ಏರ್‌ಪೋರ್ಟ್. ಇವರು ರೈಲನ್ನೂ ಕಂಡವರಲ್ಲ.

ಜುಲೈ 2
ದೇಹದ ಭಾಗಗಳು. ಒಂದೊಂದು ಪದ ಇಪ್ಪತ್ತು ಸಲ ಬರೆಸಿದೆ. ಚುರುಕಿನ ಹುಡುಗಿಯೊಬ್ಬಳಿದ್ದಾಳೆ, ಎಲ್ಲರೂ ಚೂಟಿ ಅನ್ನುತ್ತಾರೆ. ಅವಳದು ಒಂದೂ ತಪ್ಪಿಲ್ಲ. ‘ಗುಡ್’ ಹಾಕಿದೆ. ಸದ್ಯ, ಒಬ್ಬಳ ತಲೆಗಾದರೂ ಹೋಯಿತಲ್ಲ.

ಜುಲೈ 9
ಚೂಟಿ ಮೂರು ದಿನದಿಂದ ಬಂದಿಲ್ಲ. ಮನೆಗೆ ಹೋದೆ. ಬಾಗಿಲ ಹಿಂದೆ ಮುದುಡಿ ಕೂತಿದ್ದಳು. ಅಮ್ಮನ ತೊಡೆಯ ಮೇಲೆ ಪುಟ್ಟ ತಮ್ಮ... ಒಂದು ಕಣ್ಣಿಗೆ ಬ್ಯಾಂಡೇಜು.
ಮನೆಯಲ್ಲಿ ಹನಿ ಔಷಧಿಯ ಎರಡು ಸೀಸೆ. ಒಂದೇ ಗಾತ್ರ, ಒಂದೇ ಬಿಳಿ ಮುಚ್ಚಳ, ಮೇಲೆ ಬರೀ ಇಂಗ್ಲಿಷ್ ಅಕ್ಷರ. ಅಜ್ಜಿಯ ಕಿವಿಗೊಂದು, ಮಗುವಿನ ಕಣ್ಣಿಗೊಂದು. ಕಣ್ಣಿನದು ಯಾವುದು ಅಂತ ಅಮ್ಮ ಕೇಳಿದ್ದಾಳೆ. ಚೂಟಿ ಕಿವಿಯದನ್ನು ಎತ್ತಿಕೊಟ್ಟಿದ್ದಾಳೆ.
“ಎರಡೂ ಇ ಇಂದಾನೇ ಶುರು ಆಗತ್ತೆ ಟೀಚರ್,” ಅಂದಳು, ಗೋಡೆ ನೋಡುತ್ತ.
“ಇಯರ್ ಅಂದ್ರೆ ಏನು ಪುಟ್ಟಿ?”
“ಇ, ಎ, ಆರ್.”
“ಅದಲ್ಲ. ಹಾಗಂದ್ರೆ ಏನು?”
ಮತ್ತೆ ಅದೇ ಮೂರು ಅಕ್ಷರ ಹೇಳಿದಳು.
ಅಮ್ಮ ಹೇಳಿದಳು: “ಅವಳನ್ನ ಏನೂ ಅನ್ಬೇಡಿ. ಕಲಿಸಿದ್ದನ್ನ ಕಲಿತಿದ್ದಾಳೆ, ಅಷ್ಟೇ.”
ನನ್ನನ್ನು ಬೈದಿದ್ದರೇ ಚೆನ್ನಾಗಿತ್ತು.

ಜುಲೈ 10
ಊಟ ಸೇರಲಿಲ್ಲ. ಅವರ ಮಾತಿನಲ್ಲೇ ಅರ್ಥ ಹೇಳಲು ನನಗೇನು ಧಾಡಿಯಾಗಿತ್ತು?

ಜುಲೈ 15
ಪುಸ್ತಕ ಮುಚ್ಚಿಟ್ಟೆ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಇರುವುದು ಏನಿದ್ದರೂ ತನ್ನಿ ಅಂದೆ. ಸೋಪಿನ ಕಾಗದ, ಮಾತ್ರೆಯ ಸ್ಟ್ರಿಪ್, ಬ್ಯಾಟರಿ... ಒಬ್ಬ ಇಲಿ ಪಾಷಾಣದ ಪ್ಯಾಕೆಟ್ಟನ್ನೇ ತಂದಿದ್ದ! ಎಲ್ಲರ ಕೈ ತೊಳೆಸಿದೆ. ಮೊದಲು ಅರ್ಥ, ಆಮೇಲೆ ಸ್ಪೆಲಿಂಗ್. ಗಲಾಟೆಯೋ ಗಲಾಟೆ. ಚೂಟಿ ಬಂದಿದ್ದಳು. ಏನನ್ನೂ ಮುಟ್ಟಲಿಲ್ಲ.

ಆಗಸ್ಟ್ 6
ಇನ್‌ಸ್ಪೆಕ್ಟರು ಬಂದರು. ಏರ್‌ಪೋರ್ಟ್ ಪಾಠ ಕೇಳಿದರು. ಯಾರಿಗೂ ಬರಲಿಲ್ಲ.
“ಪೋರ್ಷನ್ ಬಿಟ್ಟು ಸೋಪಿನ ಕಾಗದ ಓದಿಸ್ತೀರೇನ್ರೀ?”
ಮೆಮೊ ಕೊಟ್ಟು ಹೋದರು. ವಾರದೊಳಗೆ ಉತ್ತರಿಸಬೇಕು. ಹೆಡ್‌ಮಾಸ್ಟರು ನಕ್ಕರು — “ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ತಪ್ಪಾಯ್ತು ಅಂತ ಬರೆದು ಬಿಸಾಕಿ ಮೇಡಂ.”
ಅಕ್ಕ ಫೋನಿನಲ್ಲಿ: “ವರ್ಗಾವಣೆಗೆ ಅರ್ಜಿ ಹಾಕೇ. ನೀನೊಬ್ಬಳೇ ಊರು ಉದ್ಧಾರ ಮಾಡ್ಬೇಕಾ?”
ಅರ್ಜಿ ಬರೆದಿಟ್ಟೆ. ನಿಜಕ್ಕೂ ಸಾಕಾಗಿದೆ.

ಆಗಸ್ಟ್ 11
ಮಗುವಿನ ಕಣ್ಣು ಉಳಿಯಿತು. ಸ್ವಲ್ಪ ಮಂಜು ಇರಬಹುದು ಅಂದರಂತೆ ಡಾಕ್ಟರು.
ಶಾಲೆ ಬಿಟ್ಟ ಮೇಲೆ ಚೂಟಿಯ ಅಮ್ಮ ಬಂದಳು. ಜೊತೆಗೆ ಇನ್ನೂ ಮೂವರು ಹೆಂಗಸರು.
“ಚೂಟಿ ತಲೆ ಮೇಲೆ ಎಷ್ಟು ಅಂತ ಹೊರಿಸೋದು ಟೀಚರ್? ಓದೋದನ್ನ ನಮಗೇ ಹೇಳ್ಕೊಡಿ.”
ಕಾಲು ಸೋತಿದೆ, ಬಸ್ಸಿಗೆ ಹೊತ್ತಾಯಿತು ಅಂತ ನಾಲಿಗೆ ತುದಿಗೆ ಬಂತು. ನಾಳೆ ಬನ್ನಿ ಅಂದೆ.

ಆಗಸ್ಟ್ 12, ಸಂಜೆ 4:20
ಮೆಮೊಗೆ ಉತ್ತರ ಬರೆಯಲು ಕೂತೆ. ಹಾಳೆ ಖಾಲಿ. ಅರ್ಜಿ ಬ್ಯಾಗಿನಲ್ಲೇ ಇದೆ. ಹೊರಗೆ ಚಪ್ಪಲಿ ಬಿಡುವ ಸದ್ದು. ನಾಲ್ವರಲ್ಲ — ಒಂಬತ್ತು, ಹತ್ತು... ಮಕ್ಕಳ ಬೆಂಚಿನಲ್ಲಿ ಮಂಡಿ ಹಿಡಿಸದೆ ನಗುತ್ತಿದ್ದಾರೆ. ಚೂಟಿ ಚಾಕ್‌ಪೀಸ್ ಹಿಡಿದು ಬೋರ್ಡಿನ ಹತ್ತಿರ ನಿಂತಿದ್ದಾಳೆ. ಬರೆಯಲೇ ಅಂತ ಕಣ್ಣಲ್ಲೇ ಕೇಳುತ್ತಿದ್ದಾಳೆ. ಬರಿ ಅಂದೆ. ಮೊದಲ ಅಕ್ಷರ: ಇ.