ತಾಯಿಯ ಕಡೆಯಿಂದ

ಜಿಫ್, ಪ್ಯಾರಿಸ್ ಹತ್ತಿರ
೯ ನವೆಂಬರ್ ೧೯೫೯

ತಮ್ಮಾ ಎರ್ವಾನ್,

ಹೇಗಿದ್ದೀಯಪ್ಪಾ? ಎಡಗಣ್ಣು ಹೋಯಿತು, ಬಲಗಣ್ಣಿನ ನಡುವೆಯೂ ಹೊಗೆ ಕೂತಿದೆ ಅಂತ ಅಮ್ಮ ಬರೆದಿದ್ದಳು. ಊಟ ಸೇರುತ್ತದೆ ತಾನೇ? ಈ ಕಾಗದವನ್ನು ಬೇಕೆಂದೇ ಮೈವೆನ್ ಹೆಸರಿಗೆ ಹಾಕಿದ್ದೇನೆ, ಅವಳೇ ಬಂದು ಓದುತ್ತಾಳೆ. ಮುಖ ತಿರುಗಿಸದೆ ಕೇಳು. "ನನ್ನ ಮಕ್ಕಳೂ ಫಾಂಚ್ ಮಾವನ ಹಾಗೆ ಕಣ್ಣು ಕಾಣದೆ ಬಲೆ ತಡವುತ್ತಾ ಕೂರೋದು ಬೇಡ, ನೀನು ಬೇರೆಯವನನ್ನ ನೋಡ್ಕೋ" ಅಂದೆಯಂತೆ ಅವಳಿಗೆ. ನಿಶ್ಚಯವಾದ ಮದುವೆಯನ್ನು ಅಷ್ಟು ಸಲೀಸಾಗಿ ಮುರಿದೆಯಲ್ಲ.

ನನ್ನ ಕೆಲಸ ನಿನಗೆ ಯಾವಾಗಲೂ ತಮಾಷೆ, ಕುದುರೆ ಲದ್ದಿಯ ಬೂಷ್ಟು ಸಾಕುವವಳು ಅಂತ. ಆ ಬೂಷ್ಟು ಉದ್ದನೆ ಗಾಜಿನ ಕೊಳವೆಯಲ್ಲಿ ದಿನಕ್ಕೆ ಉಗುರಿನಷ್ಟು ಮುಂದೆ ಹೋಗುತ್ತದೆ, ಕೆಲವು ವಾರಗಳಲ್ಲಿ ಮುದಿಯಾಗಿ ನಿಂತು ಸಾಯುತ್ತದೆ. ಮುದಿ ತಾಯಿಗೆ ಎಳೆಯ ತಂದೆಯನ್ನು ಕೂಡಿಸಿದರೆ ಎಷ್ಟೋ ಮರಿಗಳು ಹುಟ್ಟುತ್ತಲೇ ಮುದಿ. ತಾಯಿ ಎಳೆಯದಾಗಿದ್ದರೆ ತಂದೆ ಎಷ್ಟೇ ಮುದಿಯಾಗಿರಲಿ, ಮರಿಗಳು ಎಳೆಯವೇ. "ಮುದಿತನ ತಾಯಿಯ ಒಡಲ ರಸದಲ್ಲಿದೆ ಸೊಲೆನ್, ತಂದೆ ಅದನ್ನ ಕೊಡಲಾರ" ಅಂದರು ನಮ್ಮ ಪ್ರಯೋಗಾಲಯದ ಲಾವೆರ್ನ್ ಸಾಹೇಬರು. ಕೈಲಿದ್ದ ಕೊಳವೆ ಕೆಳಗಿಟ್ಟು ಅಮ್ಮನ ಅಣ್ಣ ಫಾಂಚ್ ಮಾವನ ವಿಷಯ, ನಿನ್ನ ವಿಷಯ ಎಲ್ಲ ಹೇಳಿಬಿಟ್ಟೆ. "ನನಗೆ ಗೊತ್ತಿರೋದು ಬೂಷ್ಟು ಮಾತ್ರ ಕಣಮ್ಮಾ, ಕಣ್ಣಿನ ಡಾಕ್ಟರನ್ನ ಕೇಳು" ಅಂತ ಚೀಟಿ ಬರೆದುಕೊಟ್ಟರು.

ಪ್ಯಾರಿಸ್ಸಿನ ಆ ಕಣ್ಣಿನ ಡಾಕ್ಟರು ನಮ್ಮ ವಂಶವನ್ನೆಲ್ಲ ಬರೆದುಕೊಂಡರು. ನಿನ್ನ ದೃಷ್ಟಿ ಮರಳುವ ಆಸೆ ಕಡಿಮೆ, ಅದನ್ನು ಮುಚ್ಚಿಡಲಾರೆ. ಆದರೆ ಅವರು ಹೇಳಿದ್ದು ಇದು: "ಗಂಡಸರ ಕಣ್ಣು ಹೋಗುತ್ತೆ, ಅವರ ಮಕ್ಕಳಿಗೆ ಹೋಗಿದ್ದು ನಾನು ನೋಡಿಲ್ಲ. ಇದು ಇಳಿಯೋದು ಹೆಂಗಸರಿಂದ." ಮಾವನ ಇಬ್ಬರು ಗಂಡುಮಕ್ಕಳೂ ನಲವತ್ತರ ಹತ್ತಿರ ಬಂದರು, ಇವತ್ತಿಗೂ ದೋಣಿ ನಡೆಸುತ್ತಾರೆ. ನಾವು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈ ರೋಗ ನಿನ್ನಲ್ಲೇ ಮುಗಿಯುತ್ತದೆ ಎರ್ವಾನ್. ಮೈವೆನ್‌ಳ ಕೈ ಬಿಡಬೇಡ.

ಇಬ್ಬರಿಗೂ ದೇವರು ಧೈರ್ಯ ಕೊಡಲಿ.

ನಿನ್ನ ಅಕ್ಕ,
ಸೊಲೆನ್

ಮರೆತದ್ದು: ಡಾಕ್ಟರ ಬಳಿ ನಿನಗೊಬ್ಬನಿಗಾಗಿ ಹೋಗಿರಲಿಲ್ಲ. ನನಗೀಗ ನಾಲ್ಕು ತಿಂಗಳು. ಗಂಡು ಹುಟ್ಟಿದರೆ ನಿನ್ನ ವಯಸ್ಸಿಗೆ ಅವನ ಕಣ್ಣೂ ಹೋಗಬಹುದಂತೆ. ನನ್ನ ಗಂಡ ರೆಮಿಗೆ ಇನ್ನೂ ಹೇಳಿಲ್ಲ, ತೊಟ್ಟಿಲಿಗೆ ಬಣ್ಣ ಹಚ್ಚುತ್ತಿದ್ದಾನೆ. ಮೈವೆನ್, ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಬೇಡ. ಎಲ್ಲ ತನ್ನಿಂದಲೇ ಬಂತು ಅಂತ ಅವಳಿಗೆ ತಿಳಿಯುವುದು ಬೇಡ.