ಒಡ್ಡದ ಉಡಿ

ಕರ್ಜಗಿ
ಶಿವರಾತ್ರಿ ಆದ ಮ್ಯಾಲಿನ ಸೋಮವಾರ

ಚಿರಂಜೀವಿ ಸೌಭಾಗ್ಯವತಿ ಮಗಳು ಶೈಲಾಗ ನಿಮ್ಮವ್ವ ಪ್ರೇಮವ್ವ ಮಾಡುವ ಆಶೀರ್ವಾದ.

ನಾವಿಲ್ಲಿ ಕ್ಷೇಮ ಅಂತ ಬರೀಬೇಕು, ಆದ್ರ ಆ ಮಾತು ಬರಿಯಾಕ ಕೈ ಏಳವಲ್ದು. ನಿಮ್ಮಪ್ಪ ಕಟ್ಟಿ ಮ್ಯಾಲೆ ಕುಂತಾರ. ಮುಂಜಾನಿ ಚಾ ಕೊಟ್ರ ಹಂಗ ಆರಿ ಹೋತು. ಫೋನ್ ಮಾಡಿದ್ರ ನಿಮ್ಮ ಮನಿಯಾಗ ಯಾರೂ ಎತ್ತವಲ್ರು. ಎತ್ತಿದ್ರೂ ನನಗ ಅಳು ಮೊದಲು ಬರ್ತೈತಿ, ಮಾತು ಹಿಂದ ಉಳಿತೈತಿ. ಅದಕ್ಕ ಕಾಗದ ಬರಿಯಾಕತ್ತೇನಿ. ತಮ್ಮನ್ನ ಎತ್ತಿಕೊಳ್ಳಾಕ ಯಾರೂ ಇಲ್ಲ ಅಂತ ನಾಕನೇ ಇಯತ್ತೆಗೆ ಸಾಲಿ ಬಿಡಿಸಿದ್ರು ನನಗ. ಒತ್ತಕ್ಷರ ತಪ್ಪಿದ್ರ ತಿದ್ದಿ ಓದ್ರಿ.

ಈ ಕಾಗದ ನಿನಗೊಬ್ಬಾಕಿಗೆ ಅಲ್ಲ. ಅಳಿಯಂದಿರು ವಿಜಯಮಹಾಂತೇಶ ಅವರು ಇದನ್ನ ಗಟ್ಟಿಯಾಗಿ ಓದಿ, ಅವರ ತಾಯಿ, ನಮ್ಮ ಬೀಗತಿ ಬಸಲಿಂಗವ್ವನವರಿಗೆ ಕೇಳಿಸಬೇಕು ಅಂತ ಕೈ ಮುಗದು ಕೇಳ್ಕೊಂತೇನಿ.

ಶುಕ್ರವಾರ ಬೀಗತಿಯವರ ಫೋನ್ ಬಂದಾಗ ನಾ ರೊಟ್ಟಿ ಬಡಿಯಾಕತ್ತಿದ್ದೆ. ಎಂಥಾ ತಾಯಿಬೇ ನೀನು ಅಂದ್ರು. ತಿಂಗಳು ತುಂಬಾಕ ಇನ್ನೂ ಎಷ್ಟೋ ದಿನ ಇದ್ದ ಬಸುರಿನ್ನ ಎಳಕೊಂಡು ಊರೂರು ತಿರುಗಿಸಿದಿ, ಬೀದಿಯಾಗ ಸಿಕ್ಕದ್ದೆಲ್ಲಾ ತಿನಿಸಿದಿ, ಬ್ಯಾಡಗಿ ಮೆಣಸಿನಕಾಯಿ ಘಾಟಿನ್ಯಾಗ ನಿಲ್ಲಿಸಿದಿ, ಮರುದಿನಾನ ಗರ್ಭ ಇಳೀತು, ಈಗ ಸಮಾಧಾನ ಆತ? ಅಂದ್ರು. ಹಂಚಿನ ಮ್ಯಾಲಿನ ರೊಟ್ಟಿ ಹತ್ತಿ ಕರ್ರಗಾತು. ನಾ ನೋಡಕೋತ ನಿಂತೆ.

ಮೊದಲನೇ ಸಲ ಬಸುರು ಹೋದಾಗ ಬೀಗತಿಯವರು ಏನಂದಿದ್ರು ಅನ್ನೋದು ನನಗ ನೆನಪೈತಿ. ಹುಡುಗಿ ಒಡಲಾಗ ದೋಷ ಐತಿ, ಇನ್ನೊಮ್ಮೆ ಹಿಂಗಾದ್ರ ತವರಿಗೆ ಕಳಸ್ತೀವಿ, ಅಲ್ಲೇ ಇಟಗೋರಿ, ನಮ್ಮ ಹುಡುಗಗ ಬ್ಯಾರೆ ನೋಡ್ತೀವಿ ಅಂದಿದ್ರು. ಆ ಮಾತು ಕೇಳಿದಾಗಿಂದ ನನಗ ನಿದ್ದಿ ಅನ್ನೋದು ಸರಿಯಾಗಿ ಬಂದಿಲ್ಲ. ಆದ್ರ ಶುಕ್ರವಾರ ಅವರು ಆ ಮಾತು ಎತ್ತಲಿಲ್ಲ. ದೋಷ ಆಕಿದಲ್ಲ, ನಿಂದು ಅಂದ್ರು. ಇನ್ನ ಮ್ಯಾಲೆ ನಮ್ಮ ಹೊಸ್ತಿಲ ತುಳಿಬ್ಯಾಡ ಅಂದು ಫೋನ್ ಇಟ್ರು.

ಬೀಗತಿಯವರ, ನೀವು ಅಂದದ್ದು ಖರೇ ಐತಿ. ಹೆಂಗ ಆತು ಅನ್ನೋದನ್ನ ನಾನ ಬರೀತೇನಿ, ಮುಂದ ಯಾರೂ ಹುಡುಗಿನ್ನ ಕೆದಕಿ ಕೆದಕಿ ಕೇಳಬಾರದು.

ನೀವು ಮಗಳ ಬಾಣಂತನಕ್ಕ ಹಿರೇಕೆರೂರಿಗೆ ಹೋಗಿದ್ರಿ. ಅಳಿಯಂದಿರು ಬೀಜದ ಲಾರಿ ತಗೊಂಡು ಆಂಧ್ರದ ಕಡೆ ಹೋಗಿದ್ರು. ಶೈಲಾ ಒಬ್ಬಾಕಿನ ಆಗ್ತಾಳ ಅಂತ ನನ್ನ ಕರೆಸಿದ್ರಿ. ನಂಬಿ ಕರೆಸಿದ್ರಿ. ದನ, ಒಲಿ, ಹೊಲ ಬಿಟ್ಟು ಎಲ್ಲೂ ಹೋಗದಾಕಿಗೆ ಅದು ಸೂಟಿ ಸಿಕ್ಕಂಗ ಆಗಿತ್ತು. ರಾಣೇಬೆನ್ನೂರು ನಿಮಗ ದಿನಾ ನೋಡೋ ಊರು, ನನಗ ಅದ ದೊಡ್ಡ ಶಹರ. ಬಂದಾಗಿಂದ ರಸ್ತೆ ದಾಟಾಕೂ ಅಂಜಿ ಮನಿಯಾಗ ಕುಂತಿದ್ದೆ. ಕಡೀ ದಿನ ಬಂತು, ಸಂಜಿಗೆ ನಾ ಊರಿಗೆ ಹೊರಡಬೇಕು, ಆವಾಗ ನನಗ ಆಸೆ ಹುಟ್ಟಿತು. ಊರು ನೋಡೂಣು, ಏನರೆ ತಿನ್ನೂಣು, ಬ್ಯಾಡಗಿಗೆ ಹೋಗಿ ಹಂಗ ಹಾವೇರಿಗೆ ನನ್ನ ಮುಟ್ಟಿಸಿ ನೀ ಹೊಳ್ಳಿ ಬಾ ಅಂತ ನಾನ ಗಂಟು ಬಿದ್ದೆ. ಶೈಲಾ ಒಲ್ಲೆ ಅಂದ್ಲು. ಅತ್ತಿ ಹೊರಗ ಹೋಗಬ್ಯಾಡ ಅಂದಾರವ್ವಾ ಅಂದ್ಲು. ನಾ ಕೇಳಲಿಲ್ಲ. ಹೊರಡೋ ಗಡಿಬಿಡಿಯಾಗ ಹಾಲು ಫ್ರಿಜ್ಜಿನ್ಯಾಗ ಇಟ್ಟೆನೋ ಇಲ್ಲೋ, ಅದೂ ಈಗ ತನಕ ಕಾಡ್ತೈತಿ.

ಮೊದಲು ಬಸ್‌ಸ್ಟ್ಯಾಂಡ್ ಕಡೆ ಮಿರ್ಚಿ ಮಂಡಕ್ಕಿ ಗಾಡಿ ಮುಂದ ನಿಂದರಿಸಿದೆ. ನನಗ ಯಾರ ಸಿಕ್ರೂ ಮಗಳು ಬಸುರಿ ಅಂತ ಹೇಳೋ ಚಟ, ಗಾಡಿ ಶಂಕ್ರಪ್ಪಗೂ ಹೇಳಿದೆ. ಅವ, ಹಂಗಂದ್ರ ಖಾರ ಕಡಿಮಿ ಹಾಕ್ತೇನ್ರಿ ಯವ್ವಾ, ಮೊಮ್ಮಗ ಹುಟ್ಟಿದ ಮ್ಯಾಲೆ ನನಗ ಬೈದಾನು ಅಂದ. ಜೋರ ಹಾಕೋ, ಬಯಕಿ ಐತಿ ಆಕಿಗೆ ಅಂತ ನಾನ ಅಂದೆ. ಆಕಿ ಬಾಯಿ ಉರದು ಕಣ್ಣಾಗ ನೀರು ಬಂದ್ರೂ ಪೂರಾ ತಿನಿಸಿದೆ. ಆಮ್ಯಾಲೆ ಹಣ್ಣಿನ ಗಾಡಿಯಾಗ ಪಪ್ಪಾಯಿ ಕೊಯ್ದು ಇಟ್ಟಿದ್ರು. ಬಸುರಿ ಮುಟ್ಟಬಾರದ ಹಣ್ಣು ಅಂತ ಸಣ್ಣ ಹುಡುಗೂರಿಗೂ ಗೊತ್ತು. ನನಗ ಎಲ್ಲಿ ಮಂಕು ಕವದಿತ್ತೋ, ಹೋಳು ತಗೊಂಡು ಕೈಗೆ ಕೊಟ್ಟೆ. ಬಿಸಲಿಗೆ ಕಬ್ಬಿನ ಹಾಲು, ಅದರಾಗ ಬರ್ಫ. ಕುಡಿ ಕುಡಿ ಅಂದೆ.

ಬಸ್ಸು ಬ್ಯಾಡಗಿ ದಾರಿಯಾಗ ಎಷ್ಟು ಕುಲುಕಾಡಿತು ಅಂದ್ರ ನಾನ ಹೊಟ್ಟಿ ಹಿಡಕೊಂಡು ಕುಂತಿದ್ದೆ. ಪ್ಯಾಟಿಯಾಗ ಮೆಣಸಿನಕಾಯಿ ರಾಶಿ ಕಣ್ಣು ಹಾಯೋ ತನಕ ಕೆಂಪಗ. ಚೀಲ ಹೊರೋ ಹಮಾಲರು ಸೈತ ಮಾರಿಗೆ ಟಾವೆಲ್ ಸುತಗೊಂಡಿದ್ರು. ಅಲ್ಲಿ ತೊಟ್ಟು ಬಿಡಿಸಾಕ ಕುಂತ ಹೆಣ್ಣುಮಕ್ಕಳಿಗೂ ನಾ ಸುದ್ದಿ ಹೇಳಿದೆ. ಅವರಾಗ ಒಬ್ಬಾಕಿ, ಏ ತಂಗಿ, ಒಳಗಿನ ಕೂಸು ಸೀನಾಕತ್ತೀತು, ಹೊರಗ ನಡಿ, ನಿಮ್ಮವ್ವಗ ಬುದ್ಧಿ ಇಲ್ಲೇನು ಅಂದ್ಲು. ಎಲ್ಲಾರೂ ನಕ್ರು. ಶೈಲಾನೂ ನಕ್ಕಳು. ನೋಡ್ರಿ, ದಾರಿಹೋಕರಿಗೆ ಇದ್ದ ಬುದ್ಧಿ ನನಗ ಇರಲಿಲ್ಲ.

ಹಾವೇರಿಯಾಗ ಏಲಕ್ಕಿ ಹಾರದ ಅಂಗಡಿ ಮುಂದ ನಿಂತು, ತೊಟ್ಟಿಲಿಗೆ ಹಾಕೋ ದಿನಕ್ಕ ಒಂದು ಹೇಳಿ ಮಾಡಸೂಣು ಅಂದೆ. ಇನ್ನೂ ಹುಟ್ಟದ ಕೂಸಿಗೆ ಹಾರ. ಅದೂ ನನ್ನ ಬಾಯಿಂದನ ಬಂತು.

ಇನ್ನೊಂದು ತಪ್ಪು ಐತಿ. ಊರ ಮಂದಿಗೆ ಹೇಳದ ಮನಿಯವರಷ್ಟ ಸೇರಿ ಬಸುರಿಗೆ ಮಾಡೋ ಕಳ್ಳಕುಬಸ ಮಾಡಿ ಬರ್ತೇನಿ ಅಂತ ಹಸರ ಖಣ, ಅಕ್ಕಿ, ಕೊಬ್ಬರಿ ಬಟ್ಟಲ ಎಲ್ಲಾ ಚೀಲದಾಗ ಒಯ್ದಿದ್ದೆ. ತಿಂದು ತಿರುಗೋ ಗದ್ದಲದಾಗ ಮಗಳ ಉಡಿ ತುಂಬೋದ ಮರತು ಬಸ್ ಹತ್ತಿದೆ. ಉಡಿ ತುಂಬದ ಬಸುರಿನ್ನ ಒಬ್ಬಾಕಿನ್ನ ಹೊಳ್ಳಿ ಕಳಿಸಿದೆ. ಇಂಥಾಕಿಗೆ ನೀವು ಬೈದದ್ದು ಕಡಿಮಿನ ಆತು.

ಬೀಗತಿಯವರ, ನನಗ ಏನ ಅಂದ್ರೂ ಅನ್ರಿ. ಆಕಿ ಒಡಲಾಗ ದೋಷ ಇಲ್ಲ. ಆಕಿ ಹಟಾ ಮಾಡಿ ಹೋದಾಕಿ ಅಲ್ಲ, ಹೆತ್ತಾಕಿ ಮಾತು ಮೀರಲಾರದ ಬಂದಾಕಿ. ಆಕಿನ್ನ ತವರಿಗೆ ಕಳಸಬ್ಯಾಡ್ರಿ. ಅಳಿಯಂದಿರ, ನಿಮಗೂ ಅಷ್ಟ ಕೇಳ್ಕೊಂತೇನಿ. ನಾನಂತೂ ಇನ್ನ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ. ಹಬ್ಬಕ್ಕೂ ಬರಂಗಿಲ್ಲ.

ಶೈಲಾ, ತಣ್ಣೀರಾಗ ಕೈ ಹಾಕಬ್ಯಾಡ. ಕಿವಿಗೆ ಹತ್ತಿ ಇಟಗೋ. ಬಿಸಿ ಅನ್ನಕ್ಕ ತುಪ್ಪ ಹಾಕ್ಕೊಂಡು ಉಣ್ಣು. ಕೊಡ ಎತ್ತಬ್ಯಾಡ. ರಕ್ತ ಜಾಸ್ತಿ ಹೋಗಾಕತ್ರ ನಾಚಿ ಸುಮ್ನ ಕುಂದರಬ್ಯಾಡ, ದವಾಖಾನಿಗೆ ಹೋಗು. ಅತ್ತಿಯವರು ಹೇಳಿದಂಗ ಕೇಳು.

ತಪ್ಪಿತಸ್ಥಳಾದ ನಿಮ್ಮವ್ವ
ಪ್ರೇಮವ್ವ ಪ್ರಭುಲಿಂಗಪ್ಪ

ತಾ. ಕ.

ಶೈಲೂ, ಈ ತುಂಡು ಕಾಗದ ಆ ಲಕೋಟಿಯಾಗ ಹಾಕಿಲ್ಲ. ನಿನ್ನ ಬಾಜು ಮನಿ ಸಾನಿಯಾಳ ಗಂಡ ನಯಾಜನ ಹೊಲಿಗಿ ಅಂಗಡಿ ವಿಳಾಸಕ್ಕ ಬ್ಯಾರೆ ಕಳಿಸೇನಿ. ನೀ ಒಬ್ಬಾಕಿನ ಇದ್ದಾಗ ಸಾನಿಯಾ ನಿನ್ನ ಕೈಗೆ ಕೊಡ್ತಾಳ. ಓದಿ ಬಚ್ಚಲ ಒಲಿಗೆ ಹಾಕು. ಅರ್ಧ ಸುಟ್ಟದ್ದು ಉಳೀತೈತಿ, ಪೂರಾ ಬೂದಿ ಆಗೋ ತನಕ ನಿಂತು ನೋಡು.

ದೊಡ್ಡ ಕಾಗದದಾಗ ಬರದದ್ದು ಸುಳ್ಳು ಅಂತ ನಿನಗ ಗೊತ್ತೈತಿ. ಹೊರಗ ಹೋಗೂಣು ಅಂದಾಕಿ ನೀನು. ಬ್ಯಾಡ ಅಂತ ಸೆರಗು ಹಿಡದು ಎಳದಾಕಿ ನಾನು. ಒಂದ ದಿನ ಅವ್ವಾ, ಕಡೀ ದಿನ, ನಾಳಿಂದ ಯಾರ ಕರಕೊಂಡು ಹೋಗ್ತಾರ ನಿನ್ನ ಅಂದಿ. ಖಾರ ಜೋರ ಹಾಕ್ರಿ ಅಂದಾಕಿ ನೀನು. ಪಪ್ಪಾಯಿ ಹೋಳಿಗೆ ನೀ ಕೈ ಚಾಚಿದಾಗ ನಾ ಮಣಿಕಟ್ಟು ಹಿಡದೆ. ನೀ ಬಿಡಿಸಿಕೊಳ್ಳಲಿಲ್ಲ, ಸುಮ್ನ ನನ್ನ ಮಾರಿ ನೋಡಿದಿ. ನನ್ನ ಕೈ ತಾನ ಸಡಲಾತು. ನೀ ತಿಂದಿ. ರುಚಿ ಗೊತ್ತಾಗದವರು ತಿಂದಂಗ ತಿಂದಿ.

ಆವಾಗ ನನಗ ನೆನಪಾತು. ಒಗ್ಗರಣಿ ವಾಸನಿಗೆ ಬಚ್ಚಲಕ್ಕ ಓಡ್ತೇನಿ ಅಂತ ಫೋನಿನ್ಯಾಗ ಹೇಳ್ತಿದ್ದಾಕಿ, ನಾ ಬಂದಾಗಿಂದ ಒಂದು ಸಲ ಓಕರಿಸಿರಲಿಲ್ಲ. ಬ್ಯಾಡಗಿ ಘಾಟಿನ್ಯಾಗ ಎಲ್ಲಾರೂ ಕೆಮ್ಮಾಕತ್ರ ನೀ ಹಂಗ ನಿಂತಿದ್ದಿ. ಕೂಸು ಸೀನತೈತಿ ಅಂತ ಆಕಿ ಅಂದಾಗ ನೀ ನಕ್ಕಿಯಲ್ಲ, ಆ ನಗಿ ನನ್ನ ಕಿವಿಯಾಗಿಂದ ಹೋಗವಲ್ದು. ಆದ್ರೂ ಮನಸ್ಸು ಒಪ್ಪಲಿಲ್ಲ. ಅಂಜುಬುರುಕಿ ನಾನು, ಇಲ್ಲದ್ದೆಲ್ಲಾ ಯೋಚನಿ ಮಾಡ್ತೇನಿ ಅಂತ ನನಗ ನಾನ ಬೈಕೊಂಡೆ. ಹಟಕ್ಕ ಬಿದ್ದು ಏಲಕ್ಕಿ ಹಾರದ ಅಂಗಡಿ ಮುಂದ ನಿಂತೆ. ನೀ ಹೊರಗ ಬಿಸಲಾಗ ನಿಂತಿ, ಒಳಗ ಬರಲಿಲ್ಲ.

ಹಾವೇರಿ ಬಸ್‌ಸ್ಟ್ಯಾಂಡಿನ ಬಾಕಿನ ಮ್ಯಾಲೆ ಖಣ, ಅಕ್ಕಿ, ಕೊಬ್ಬರಿ ತಗದೆ. ಮನಿಯಾಗ ಆಮ್ಯಾಲೆ ಆಮ್ಯಾಲೆ ಅಂತ ಮುಂದ ಹಾಕಿದ್ದಿ, ಈಗರೆ ಉಡಿ ಒಡ್ಡವ್ವಾ ಅಂದೆ. ನೀ ಸೆರಗು ಮುಂದ ತರಲಿಲ್ಲ. ಎರಡೂ ಕೈ ಹಿಂದ ಕಟಗೊಂಡು, ಬಸ್ ಬಂತು ನೋಡವ್ವಾ, ಹತ್ತು ಅಂದಿ. ಬಸ್ ಇನ್ನೂ ಬಂದಿರಲಿಲ್ಲ. ಆಗ ನನಗ ಗೊತ್ತಾತು, ಮನಿಯವರು ಹೋದ ಮ್ಯಾಲೆ, ನಾ ಬರೋಕಿಂತ ಮೊದಲ ಎಲ್ಲಾ ಆಗಿ ಹೋಗೇತಿ ಅಂತ. ಇಡೀ ದಿನ ಬಾಯಿ ತುಂಬಾ ತಿಂದಿ. ಆದ್ರ ಹೋದ ಕೂಸಿನ ಹೆಸರಿಲೆ ಉಡಿ ತುಂಬಿಸಿಕೊಳ್ಳಾಕ ನಿನ್ನ ಕೈಲೆ ಆಗಲಿಲ್ಲ.

ನಾ ಕೇಳಲಿಲ್ಲ, ನೀ ಹೇಳಲಿಲ್ಲ. ಬಸ್ಸಿನ್ಯಾಗ ಕುಂತ ಮ್ಯಾಲೆ ಸಿಟ್ಟು ಬಂತು. ನನ್ನ ತಲಿ ಮ್ಯಾಲೆ ಹಾಕಾಕ ನನ್ನ ಕರಕೊಂಡು ಅಡ್ಡಾಡಿದ್ಲಲ್ಲ ಅಂತ. ಕರ್ಜಗಿ ಬರೋದ್ರಾಗ ಇಳೀತು. ಮತ್ತ ಯಾರ ಮ್ಯಾಲೆ ಹಾಕಬೇಕು ನೀನು? ಇದ್ದಾಕಿ ನಾ ಒಬ್ಬಾಕಿ.

ಅದು ಹೋಗೋ ಹೊತ್ತಿನ್ಯಾಗ ನಿನ್ನ ಕೈ ಯಾರ ಹಿಡದಿದ್ರು ಅನ್ನೋದೊಂದ ಜೀವ ತಿನ್ನಾಕತ್ತೇತಿ. ಸಾನಿಯಾ ಇದ್ಲು ಅಂತ ಅನಕೊಂಡೇನಿ. ವಿಳಾಸ ಕೇಳಾಕ ಆಕಿಗೆ ಫೋನ್ ಮಾಡಿದಾಗ, ಚಿಂತಿ ಮಾಡಬ್ಯಾಡ್ರಿ ಅಮ್ಮಾ ಅಂದು ವಿಳಾಸ ಎರಡೆರಡು ಸಲ ಹೇಳಿ ಬರಸಿದ್ಲು. ನಾ ಮುಂದ ಕೇಳಲಿಲ್ಲ.

ಈಗ ಲಕ್ಷ್ಯ ಕೊಟ್ಟು ಓದು. ಯಾರ ಕೇಳಿದ್ರೂ ಅವ್ವ ಎಳಕೊಂಡು ಹೋದ್ಲು, ಅವ್ವ ತಿನಿಸಿದ್ಲು ಅನ್ನು. ಮೊದಲು ಮಂಡಕ್ಕಿ, ಆಮ್ಯಾಲೆ ಪಪ್ಪಾಯಿ, ಆಮ್ಯಾಲೆ ಬ್ಯಾಡಗಿ. ನಾ ಬರದಂಗ ಬಾಯಿಪಾಠ ಮಾಡು. ಹಿಂದ ಮುಂದ ಆಗಬಾರದು. ನನ್ನ ಮ್ಯಾಲೆ ಕನಿಕರ ಬಂದು ಗಂಡನ ಮುಂದ ಎಲ್ಲಿ ಖರೇ ಹೇಳಿಬಿಡ್ತೀಯೋ. ಅದಕ್ಕ ಅಂಜಾಕತ್ತೇನಿ ನೋಡು, ಉಳದದ್ದಕ್ಕಲ್ಲ. ನಿಮ್ಮಪ್ಪಗೂ ನಾ ಹೇಳಿಲ್ಲ. ಅವರೂ ನನ್ನ ಮ್ಯಾಲೆ ಸಿಟ್ಟಿನ್ಯಾಗನ ಕುಂತಾರ, ಕುಂದರಲಿ.

ಹಸರ ಖಣ ಟ್ರಂಕಿನ್ಯಾಗ ನನ್ನ ಧಾರೀ ಸೀರಿ ಕೆಳಗ ಇಟ್ಟೇನಿ. ನುಸಿಗುಳಿಗಿ ಹಾಕೇನಿ. ನಿನಗ ಮತ್ತ ದಿನ ಬಂದಾಗ ಯಾರ ಕೈಯಾಗರೆ ಕಳಸ್ತೇನಿ, ನಿಮ್ಮತ್ತಿನ ನಿನಗ ಉಡಿ ತುಂಬಲಿ. ಯಾಕಂದ್ರ ಆ ದೊಡ್ಡ ಕಾಗದದಾಗ ಒಂದ ಮಾತು ಖರೇ ಬರದೇನಿ. ನಿಮ್ಮ ಹೊಸ್ತಿಲ ನಾ ಇನ್ನ ತುಳಿಯಂಗಿಲ್ಲ.